ಬಸಿದ ನೀರು

ಜನವರಿ ೧೧, ೨೦೨೬, ಭಾನುವಾರ

ಭರಮವ್ವಾ, ಮೊದಲು ತಿಂಗಳಿಗೊಂದು ಕಾಗದ ಬರೆದು ಬ್ಯಾಡಗಿಗೆ ಹಾಕುತ್ತಿದ್ದೆ. ಈಗ ಫೋನು ಬಂದಿದೆ. ಆದರೆ ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಶೆಡ್ಡಿನ ಹಂದಿಗಳಿಗೂ ಕೇಳಿಸುತ್ತದೆ. ಸೊಸೆಗೆ ಕೇಳಿಸಬಾರದ್ದನ್ನು ಎಲ್ಲಿ ಹೇಳಲಿ? ಅದಕ್ಕೆ ಮಗನ ಹಳೆಯ ಡೈರಿ ಹಿಡಿದು ಕುಳಿತಿದ್ದೇನೆ. ತಂಗಿಗೆ ಬರೆದಂತೆ ಬರೆಯುತ್ತೇನೆ, ಆದರೆ ನಿನಗೆ ಕಳಿಸುವುದಿಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ಓದುವವಳೂ ನಾನೇ ಅಲ್ಲವೇ.

ಶುಕ್ರವಾರ ಪಂಚಾಯತಿಯಿಂದ ಬಂದು ಹೇಳಿ ಹೋದರು. ಯುಗಾದಿಗೆ ಮುಂಚೆ ಗ್ರಾಮಸಭೆ ಕೂಡುತ್ತದಂತೆ. ಅಷ್ಟರೊಳಗೆ ಹಂದಿ ಶೆಡ್ಡಿನ ನಾತ ಇಳಿಯದಿದ್ದರೆ ಶೆಡ್ಡು ಎತ್ತಬೇಕು. ಎತ್ತಿ ಎಲ್ಲಿಡುವುದು? ಐರಣಿಯಲ್ಲಿ ನಮಗಿರುವುದು ಇದೊಂದೇ ತುಂಡು ನೆಲ. ನಾವು ಊರ ಹೊರಗೇ ಇದ್ದೆವು, ಊರೇ ನಡೆದುಕೊಂಡು ನಮ್ಮ ಹತ್ತಿರ ಬಂತು. ಮೆಂಬರ್ ಕೊಟ್ರೇಶ ನಮ್ಮ ಬೇಲಿಗೆ ಹತ್ತಿಯೇ ಮನೆ ಕಟ್ಟಿಸಿದ. ಕಟ್ಟಿಸುವಾಗ ಇಲ್ಲಿ ಹಂದಿ ಇದ್ದದ್ದು ಅವನಿಗೆ ಕಾಣಲಿಲ್ಲವೇ?

ಸೊಸೆ ಗಂಗಾ ಹನುಮನಮಟ್ಟಿಗೆ ಹಂದಿ ಸಾಕುವ ತರಬೇತಿಗೆ ಹೋಗಿ ಬಂದವಳು. ಅವಳೊಂದು ಉಪಾಯ ತಂದಿದ್ದಾಳೆ. ನಾವು ಗೋವಿನಜೋಳದ ನುಚ್ಚಿಗೆ ಸೋಯಾ ಹಿಂಡಿ ಕೂಡಿಸುತ್ತೇವಲ್ಲ, ಆ ಹಿಂಡಿಯಲ್ಲಿ ಹಂದಿಗೆ ಬೇಕಾದದ್ದು ಸ್ವಲ್ಪ, ಬೇಡವಾದದ್ದೇ ಬಹಳವಂತೆ. "ಮೈಗೆ ಹತ್ತಲಾರದ್ದು ಉಚ್ಚಿಯೊಳಗ ಹೊಂಟ ಹೋಗತೈತಿರಿ ಅತ್ತಿ. ನಾತ ಅಂದ್ರ ಅದ," ಎಂದಳು. ಹಿಂಡಿ ಅರ್ಧ ಮಾಡಬೇಕು, ಬೇಕಾದದ್ದನ್ನಷ್ಟೇ ಪುಡಿಯಾಗಿ ಕಲಸಬೇಕು. ಲೈಸಿನ್ ಅಂತೆ, ಥ್ರಿಯೋನಿನ್ ಅಂತೆ, ಮೂರನೆಯದರ ಹೆಸರು ಬರೆಯಲು ನನ್ನ ಕೈ ತಿರುಗುವುದಿಲ್ಲ. ನೋಡಲು ಸಕ್ಕರೆ ಪುಡಿಯ ಹಾಗಿದೆ.

ಮಗ ಮೈಲೇಶ ಒಪ್ಪಿದ. ಅವನು ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋ ಓಡಿಸುವವನು, ಹಂದಿಯ ಗೊಡವೆ ಅವನಿಗೆ ಕಡಿಮೆ. ಒಂದು ಬಟ್ಟಲು ಪುಡಿ ಅರ್ಧ ಹಿಂಡಿಯ ಜಾಗ ತುಂಬುತ್ತದೆಂದರೆ ನನಗೆ ನಂಬಿಕೆ ಬರುವುದಿಲ್ಲ. ನಾನೇನು ಇವತ್ತು ನಿನ್ನೆ ಹಂದಿ ಸಾಕಿದವಳೇ? ಆದರೆ ಬೇರೆ ದಾರಿಯನ್ನೂ ಕಾಣೆ. ಹೂಂ ಅಂದೆ.

ಜನವರಿ ೧೫, ಗುರುವಾರ

ಇವತ್ತು ಸಂಕ್ರಾಂತಿ. ಎಳ್ಳುಹೋಳಿಗೆ ಮಾಡಿದ್ದೆ. ನೀನಿರಬೇಕಿತ್ತು.

ಗಂಗಾ ಭಾನುವಾರ ಕುಳಿತು ವಾರಕ್ಕಾಗುವಷ್ಟು ನುಚ್ಚು ಕಲಸಿಡುತ್ತಾಳೆ. ಉಳಿದ ದಿನ ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯ ಕೆಲಸ. ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಂದಿಗೆ ಹಾಕುವವಳು ನಾನು. ಒಣದನ್ನೇ ಹಾಕಿರಿ ಎಂದು ದಿನಾ ಹೇಳಿ ಹೋಗುತ್ತಾಳೆ. ನಮ್ಮವ್ವ ಹಂದಿಗೆ ಹಸಿ ನುಚ್ಚು ಹಾಕಿದ್ದನ್ನು ನೀನು ನೋಡಿದ್ದೀಯಾ? ಹೋಟೆಲಿನ ಮುಸುರೆ ತಂದರೂ ಕುದಿಸದೆ ಹಾಕುತ್ತಿರಲಿಲ್ಲ. ಹೊಟ್ಟೆ ಉಬ್ಬುತ್ತದೆ ಎನ್ನುತ್ತಿದ್ದಳು. ಅವಳ ಕೈಯಲ್ಲಿ ಒಂದು ಮರಿಯೂ ಸತ್ತದ್ದಿಲ್ಲ.

ಅದಕ್ಕೆ ಗಂಗಾ ಹೋದ ಮೇಲೆ ಹಂಡೆಯಲ್ಲಿ ಕುದಿಸುತ್ತೇನೆ. ಗಂಜಿಯ ಹಾಗೆಯೇ ಹಾಕಿದರೆ ತೆಳ್ಳಗಾಗಿ ಕೆಸರು ಹರಿದು ಕೊಟ್ರೇಶನ ಬಾಗಿಲಿಗೆ ಹೋಗುತ್ತದೆ. ಆದ್ದರಿಂದ ಅನ್ನ ಬಸಿದಂತೆ ಬಿದಿರ ಪುಟ್ಟಿಗೆ ಬಸಿದು, ಗಟ್ಟಿಯಾದದ್ದನ್ನಷ್ಟೇ ಹಾಕುತ್ತೇನೆ. ಶೆಡ್ಡಿನ ನೆಲ ಒಣಗಿರುತ್ತದೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಕ್ಕಿಲ್ಲ.

ಬಸಿದ ನೀರು ಪೂರ್ತಿ ಚೆಲ್ಲಲು ಮನಸ್ಸಾಗುವುದಿಲ್ಲ. ಹಿತ್ತಲಲ್ಲಿ ಸಣ್ಣಾಕಿ ಇದ್ದಾಳೆ, ಅಣ್ಣತಮ್ಮಂದಿರು ಮೊಲೆಗೆ ಬಿಡದೆ ಎಲುಬು ಚಕ್ಕಳವಾಗಿದ್ದ ಹೆಣ್ಣುಮರಿ. ಪುಡಿ ಹಾಕದ ಎರಡು ಹಿಡಿ ನುಚ್ಚು ಕದಡಿ ಅವಳಿಗೊಂದು ಬೋಗುಣಿ ಇಡುತ್ತೇನೆ. ಉಳಿದದ್ದು ಕರಿಬೇವಿನ ಬುಡಕ್ಕೆ.

ಜನವರಿ ೨೯, ಗುರುವಾರ

ನಾತ ಇಳಿದಿದೆ. ಸುಳ್ಳು ಹೇಳಲಾರೆ, ಖರೇನೇ ಇಳಿದಿದೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತಲ್ಲ, ಈಗ ಉರಿಯುವುದಿಲ್ಲ. ಕೊಟ್ರೇಶನ ತಾಯಿ ಫಕ್ಕೀರವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳದೆ ಬೇಲಿಯ ತನಕ ಬಂದು ನಿಂತಳು. "ನಾತ ಎಲ್ಲಿ ಹೋತ ಉಚ್ಚಂಗೀ? ಹಂದಿ ಮಾರೀಯೇನ?" ಎಂದು ನನ್ನ ಹೆಸರು ಹಿಡಿದು ಕೇಳಿದಳು. ಮಾರಿಲ್ಲ, ಅವಕ್ಕೆ ಸೆಂಟು ಹಚ್ಚೇನಿ ಅಂದೆ. ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತೋ ಬೇಲಿಯ ಹತ್ತಿರ ನಕ್ಕು.

ಗಂಗಾಳಿಗೆ ಹೇಳಿದೆ. ರೊಟ್ಟಿ ಬಡಿಯುವಾಗ ಅವಳ ಕೈಯ ಸಪ್ಪಳವೇ ಬೇರೆಯಾಗಿತ್ತು. ನಾನು ನೆಲ ಒಣಗಿಸಿದ್ದರಿಂದಲೂ ನಾತ ಇಳಿದಿರಬೇಕು. ಅದನ್ನು ಹೇಳಲಿಲ್ಲ. ಹುಡುಗಿ ಸಂತೋಷಪಡಲಿ.

ಫೆಬ್ರವರಿ ೭, ಶನಿವಾರ

ಮರಿಗಳ ಕೂದಲು ನೆಟ್ಟಗೆ ನಿಂತಿವೆ. ಬೆನ್ನೆಲುಬು ಎದ್ದು ಕಾಣುತ್ತದೆ. ತಿನ್ನುವುದೇನೋ ತಿನ್ನುತ್ತವೆ, ತಿಂದದ್ದು ಎಲ್ಲಿಗೆ ಹೋಗುತ್ತದೋ ತಿಳಿಯದು. ನಿನ್ನೆಯಿಂದ ಒಂದರ ಬಾಲ ಒಂದು ಕಡಿಯುತ್ತಿವೆ. ರಕ್ತ ನೋಡಿದರೆ ಉಳಿದವೂ ಅದರ ಬೆನ್ನು ಹತ್ತುತ್ತವೆ. ಇಂಥದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ.

ಗಂಗಾ ಟೇಪು ಹಿಡಿದು ಮರಿಗಳ ಎದೆಯ ಸುತ್ತಳತೆ ತೆಗೆದಳು. ಮುಖ ಕಪ್ಪಾಯಿತು. ಪುಡಿ ಕಡಿಮೆ ಬಿದ್ದಿರಬೇಕೆಂದು ಕಲಸಿಟ್ಟ ನುಚ್ಚಿಗೆ ಇನ್ನಷ್ಟು ಕೂಡಿಸಿದಳು.

ನನಗೆ ಗಾಬರಿಯಾಯಿತು. ಇರುವ ಪುಡಿಯೇ ಅವುಗಳ ಕರುಳು ಸುಡುತ್ತಿರುವಾಗ ಮತ್ತೂ ಪುಡಿಯೇ? ಅವಳಿಗೆ ಎದುರು ಹೇಳುವುದು ಬೇಡವೆಂದು, ಇವತ್ತು ಬಸಿದ ಮೇಲೆ ಇನ್ನೊಂದು ಕೊಡ ಬಿಸಿನೀರು ಸುರಿದು ಮತ್ತೆ ಬಸಿದೆ. ಪುಡಿಯ ಖಾರವೇನಿದ್ದರೂ ತೊಳೆದು ಹೋಗಲಿ.

ಸಣ್ಣಾಕಿ ಮಾತ್ರ ಹೊಳೆಯುತ್ತಿದ್ದಾಳೆ. ಬೆನ್ನ ಮೇಲೆ ಕೈಯಾಡಿಸಿದರೆ ಎಣ್ಣೆ ಹಚ್ಚಿದಂತೆ. ಪುಡಿ ತಿನ್ನದ ಮರಿ ಅವಳೊಬ್ಬಳೇ.

ಫೆಬ್ರವರಿ ೧೧, ಬುಧವಾರ

ಎರಡು ಸತ್ತವು. ಬಾಲದ ಗಾಯ ಕೀವಾಗಿ ಬೆನ್ನಿಗೇರಿತ್ತು. ಮೈಲೇಶ ಕುಣಿ ತೋಡಿದ. ನನ್ನ ಕೈಗೆ ಹಗುರವಾಗಿದ್ದವು, ಹಂದಿಮರಿ ಎತ್ತಿದಂತೆಯೇ ಇರಲಿಲ್ಲ.

ಫೆಬ್ರವರಿ ೧೪, ಶನಿವಾರ

ಆಗಬಾರದ್ದು ಆಯಿತು ಭರಮವ್ವಾ.

ಸಂಜೆ ಮೈಲೇಶ ಬಂದವನೇ ಕೈಕಾಲು ಸಹ ತೊಳೆಯದೆ ಶುರು ಮಾಡಿದ. ದಾರಿಯಲ್ಲಿ ಯಾರೋ, ನಿಮ್ಮ ಹಂದಿಗೆ ಜ್ವರ ಬಂದಿದೆಯಂತೆ, ಊರಿಗೆಲ್ಲ ಹಬ್ಬಿಸುತ್ತೀರಾ ಎಂದು ಕೇಳಿದ್ದರಂತೆ. ಓದಿದವಳನ್ನು ತಂದು ಮನೆ ತೊಳೆದು ಹೋಯಿತು ಎಂದ. ಗಂಗಾ ಪುಡಿಯ ಲೆಕ್ಕ ಸರಿ ಇದೆ, ಎಲ್ಲೋ ಏನೋ ತಪ್ಪಿದೆ, ಹುಡುಕೋಣ ಎಂದು ತಣ್ಣಗೇ ಹೇಳಿದಳು. ಆ ತಣ್ಣಗಿನ ಮಾತಿಗೆ ನನ್ನ ಮೈ ಉರಿಯಿತು. "ಲೆಕ್ಕ ಸರಿ ಇದ್ರ ಹಂದಿ ಯಾಕ ಸಾಯ್ತಾವು? ನಿನ್ನ ಪುಡಿ ಮುಟ್ಟಲಾರದ್ದು ಹಿತ್ತಲದಾಗ ಒಂದೈತಿ, ಹೋಗಿ ನೋಡು," ಅಂದುಬಿಟ್ಟೆ.

ಅವಳು ಹೋಗಿ ನೋಡಿ ಬಂದಳು. ಸಣ್ಣಾಕಿಗೆ ಏನು ಹಾಕುತ್ತೀರಿ ಎಂದು ಕೇಳಿದಳು. ನನ್ನ ಕೈಯಾಗಿಂದು ಹಾಕತೇನಿ ಅಂದೆ. ಮೈಲೇಶ, ನಿಮ್ಮಪ್ಪನ ಮನಿಗೆ ಹೋಗು, ಅಲ್ಲಿ ಪ್ರಯೋಗ ಮಾಡು ಎಂದ. ಆಗ ನಾನು ಅವನನ್ನು ತಡೆಯಬೇಕಿತ್ತು. ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಫೆಬ್ರವರಿ ೧೬, ಸೋಮವಾರ

ಗಂಗಾ ತವರಿಗೆ, ಅಗಡಿಗೆ ಹೋದಳು. ಶಿವರಾತ್ರಿಯ ಉಪವಾಸ ಬಿಟ್ಟು, ಪಾತ್ರೆ ತೊಳೆದಿಟ್ಟು, ನನ್ನ ಕಾಲು ಮುಟ್ಟಿ ಹೋದಳು. ಬೈದು ಹೋಗಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೨೧, ಶನಿವಾರ

ಪುಡಿ ಬಿಟ್ಟು ಮೊದಲಿನಂತೆ ಪೂರ್ತಿ ಸೋಯಾ ಹಿಂಡಿ ಹಾಕತೊಡಗಿದ್ದೇವೆ. ಬಾಲ ಕಡಿಯುವುದು ನಿಂತಿತು. ನಾತ ತಿರುಗಿ ಬಂತು. ನಿನ್ನೆ ಫಕ್ಕೀರವ್ವ ಬೇಲಿಯ ತನಕ ಬಂದವಳು ಸೆರಗು ಮೂಗಿಗೆ ಹಿಡಿದು ಹಾಗೇ ಹಿಂದಕ್ಕೆ ಹೋದಳು. ಪುಡಿ ಹಾಕಿದರೆ ಹಂದಿ ಸಾಯುತ್ತವೆ, ಹಿಂಡಿ ಹಾಕಿದರೆ ಶೆಡ್ಡು ಹೋಗುತ್ತದೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಲಿ?

ಇವತ್ತು ಕೊಟ್ರೇಶ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದ. ಕೂಗಾಡಲಿಲ್ಲ, ಕೂಗಾಡಿದ್ದರೆ ನಾನೂ ಕೂಗುತ್ತಿದ್ದೆ. "ದೊಡವ್ವ, ಇದು ಹಂದಿ ಜ್ವರ ಆದ್ರ ಎಲ್ಲಾನೂ ಹೂಳಬೇಕಾಗತೈತಿ. ನಾ ಹೇಳೂದಲ್ಲ, ಕಾಯ್ದೆ ಹೇಳತೈತಿ," ಎಂದ. ರಾಣೇಬೆನ್ನೂರಿನ ಪಶು ಡಾಕ್ಟರ್ ಐಶ್ವರ್ಯ ಬಂದು ರಕ್ತ ತೆಗೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಹುಡುಗಿ. ವರದಿ ಬರುವ ತನಕ ಒಂದು ಮರಿಯೂ ಶೆಡ್ಡಿನಿಂದ ಹೊರಗೆ ಹೋಗುವಂತಿಲ್ಲ ಎಂದರು.

ಹಂದಿ ಕೊಳ್ಳುವ ಹರಿಹರದವನು ಫೋನು ಎತ್ತುವುದಿಲ್ಲ. ಹಾಲಿನವಳು ನಮ್ಮ ಮನೆ ಬಿಟ್ಟು ಮುಂದೆ ಹೋಗುತ್ತಾಳೆ. ಮೈಲೇಶ ಟೆಂಪೋದಲ್ಲೇ ಮಲಗುತ್ತಾನೆ. ನಾನು ಶೆಡ್ಡಿನಲ್ಲಿ ಕುಳಿತು ಅವುಗಳ ಮುಖ ನೋಡುತ್ತೇನೆ. ಅವೂ ನನ್ನ ಮುಖ ನೋಡುತ್ತವೆ.

ಫೆಬ್ರವರಿ ೨೪, ಮಂಗಳವಾರ

ವರದಿ ಬಂದಿಲ್ಲ. ಇವತ್ತು ಯಾರೂ ಬರಲಿಲ್ಲ, ನಾನು ಯಾರೊಂದಿಗೂ ಮಾತಾಡಲಿಲ್ಲ.

ಫೆಬ್ರವರಿ ೨೭, ಶುಕ್ರವಾರ

ಜ್ವರ ಅಲ್ಲ. ಡಾಕ್ಟರ್ ಐಶ್ವರ್ಯ ತಾವೇ ಬಂದು ಹೇಳಿದರು. ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಚಹಾ ಕಾಸಿದೆ.

ಇದು ರೋಗವಲ್ಲ, ಮೈಗೆ ಬೇಕಾದದ್ದು ಸಿಗದೆ ಸೊರಗಿವೆ ಎಂದರು. ಗಂಗಾಳ ಪುಡಿಯ ಡಬ್ಬಿ ನೋಡಿದರು, ಹೇಗೆ ಕಲಸುತ್ತಿದ್ದಳೆಂದು ಕೇಳಿದರು. ಅವಳು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದಿದ್ದ ಅಳತೆ ತೋರಿಸಿದೆ. "ಲೆಕ್ಕ ಸರಿ ಐತಲ್ಲ ಅಜ್ಜಿ. ನಾ ಹೇಳಿದ್ರೂ ಇಷ್ಟ ಹೇಳತಿದ್ದೆ," ಎಂದರು. ಹಾಗಾದರೆ ಏಕೆ ಹೀಗಾಯಿತು ಎಂದು ನಾನೇ ಜಗಳಕ್ಕೆ ನಿಂತೆ. ಪುಡಿ ತಿನ್ನದ ಮರಿ ನೋಡಿ ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದೆ.

ಸಣ್ಣಾಕಿಯನ್ನು ಡಾಕ್ಟರ್ ತಿರುಗಿಸಿ ಮುರುಗಿಸಿ ನೋಡಿದರು. ಇದಕ್ಕೇನು ಹಾಕುತ್ತಿದ್ದಿರಿ ಎಂದು ಕೇಳಿದರು. ಎಲ್ಲ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ. ಹಂಡೆ, ಪುಟ್ಟಿ, ಬಸಿದ ನೀರು, ಎರಡನೆಯ ಕೊಡ, ಕರಿಬೇವಿನ ಬುಡ.

ಅವರು ಬಗ್ಗಿ ಬೋಗುಣಿಯ ತಳವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ, "ಅಜ್ಜಿ, ಆ ಪುಡಿ ಉಪ್ಪಿನಂಗ. ನೀರಾಗ ಕರಗತೈತಿ," ಎಂದರು.

ಬೈಯಲಿಲ್ಲ. ಯಾರಿಗೂ ನಾನು ಹೇಳುವುದಿಲ್ಲ, ಕಾಗದದಲ್ಲಿ ಪೋಷಕಾಂಶದ ಕೊರತೆ ಎಂದಷ್ಟೇ ಬರೆಯುತ್ತೇನೆ, ಕಲಸುತ್ತಿದ್ದವರನ್ನು ಕರೆಸಿ ಒಣದನ್ನೇ ಹಾಕಿ ಎಂದು ಹೇಳಿ ಗಾಡಿ ಹತ್ತಿದರು. ಚಹಾ ಹಾಗೇ ಉಳಿಯಿತು.

ಉಪ್ಪು ನೀರಿನಲ್ಲಿ ಕರಗುತ್ತದೆಂದು ನನಗೆ ಗೊತ್ತಿಲ್ಲವೇ ಭರಮವ್ವಾ?

ಮಾರ್ಚ್ ೧, ಭಾನುವಾರ

ಮೈಲೇಶ ಊಟಕ್ಕೆ ಕುಳಿತಾಗ ಅಗಡಿಯವರ ಬಗ್ಗೆ ಹಗುರವಾಗಿ ಒಂದು ಮಾತಾಡಿದ. ನಾನು ಅವನ ತಾಟಿಗೆ ಸಾರು ಬಡಿಸಿದೆ. ನನ್ನ ಪಾಲಿನ ರೊಟ್ಟಿ ಸಣ್ಣಾಕಿಗೆ ಹಾಕಿದೆ.

ಮಾರ್ಚ್ ೪, ಬುಧವಾರ

ಅಗಡಿಗೆ ಹೋಗಿ ಬಂದೆ.

ಗಂಗಾ ಕಲಸಿಟ್ಟ ನುಚ್ಚು ಒಂದು ಚೀಲದ ತಳದಲ್ಲಿ ಉಳಿದಿತ್ತು. ಬೆಳಗ್ಗೆ ಅದನ್ನು ಕುದಿಸಿ, ಬಸಿದು, ಆ ನೀರನ್ನು ಬಾಟಲಿಗೆ ತುಂಬಿಕೊಂಡೆ. ಬಾಯಿಂದ ಹೇಳಲಾಗದಿದ್ದರೆ ಎಂದು. ಐರಣಿಯಿಂದ ರಾಣೇಬೆನ್ನೂರು, ಅಲ್ಲಿಂದ ಹಾವೇರಿ, ಮತ್ತೆ ಅಗಡಿಯ ಬಸ್ಸು. ಪಕ್ಕದಲ್ಲಿ ಕುಳಿತವಳು ಬಾಟಲಿ ನೋಡಿ ಮಜ್ಜಿಗೆಯೇ ಎಂದು ಕೇಳಿದಳು. ಹೌದು ಅಂದೆ. ಒಂದು ಗುಟುಕು ಕೇಳಿಯಾಳೆಂದು ಸೆರಗಿನಲ್ಲಿ ಮುಚ್ಚಿಕೊಂಡೆ.

ಬೀಗರು ಹೊಲಕ್ಕೆ ಹೋಗಿದ್ದರು. ಗಂಗಾ ಆ ದಿನ ಕೆಲಸಕ್ಕೆ ರಜೆ ಹಾಕಿದ್ದಳು, ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಬರ್ರಿ ಅತ್ತಿ, ಕುಂದ್ರಿ ಎಂದಳು, ನೀರು ಕೊಟ್ಟಳು, ಹಂದಿಗಳು ಹೇಗಿವೆ ಎಂದಳು. ನಾನು ಬಾಟಲಿ ಅವಳ ಕೈಗೆ ಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು. ನುಚ್ಚು ಕುದಿಸಿದ ವಾಸನೆ ಯಾರಿಗೆ ತಿಳಿಯುವುದಿಲ್ಲ? ಬಸಿದಿರೇನು ಎಂದು ಕೇಳಿದಳು. ತಲೆ ಆಡಿಸಿದೆ. ದಿನಾನೂ? ತಲೆ ಆಡಿಸಿದೆ. ಈ ನೀರು ಸಣ್ಣಾಕಿಗೆ? ಅದಕ್ಕೂ ತಲೆ ಆಡಿಸಿದೆ.

ಹೊಡೆಯಲಿ, ಬೈಯಲಿ ಎಂದು ಕಾದೆ. ಅವಳು ಕಟ್ಟೆಯ ಮೇಲೆ ಕುಳಿತುಕೊಂಡಳು. ಬಾಟಲಿಯನ್ನೇ ನೋಡುತ್ತ, "ಅಂದ್ರ ಪುಡಿ ಮೈಗೆ ಹತ್ತತೈತಿ," ಎಂದಳು. ಆಮೇಲೆ ಅತ್ತಳು. ಅಷ್ಟು ದಿನ ಅವಳು ತನ್ನ ಲೆಕ್ಕವನ್ನೇ ಅನುಮಾನಿಸುತ್ತ ಕುಳಿತಿದ್ದಳಂತೆ, ರಾತ್ರಿಯೆಲ್ಲ ಅದೇ ಗುಣಾಕಾರ ಮಾಡುತ್ತಿದ್ದಳಂತೆ.

ಮನೆಗೆ ಬಾ ಅಂದೆ. ಬರುವುದಿಲ್ಲ ಎಂದಳು. "ಭಾನುವಾರ ಬಂದ ನುಚ್ಚ ಕಲಸಿ ಹೋಗತೇನಿ. ಹಂದಿ ಸಲುವಾಗಿ. ಮನಿಗಂತ ಅಲ್ಲರಿ." ಮೈಲೇಶನಿಗೆ ಹೇಳಿದ್ದೀರಾ ಎಂದು ಅವಳು ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಮಾರ್ಚ್ ೧೬, ಸೋಮವಾರ

ಗ್ರಾಮಸಭೆ ಮುಗಿಯಿತು. ನಡೆದದ್ದೆಲ್ಲ ಒಂದೇ ಉಸಿರಿಗೆ ಬರೆಯುತ್ತೇನೆ, ಅಕ್ಷರ ಸೊಟ್ಟಗೆ ಬಂದರೆ ಬರಲಿ.

ಎಂಟನೆಯ ತಾರೀಖು ಭಾನುವಾರ ಗಂಗಾ ಬಂದು ಕಲಸಿ ಹೋಗಿದ್ದಳು. ಮೈಲೇಶ ಬಾಡಿಗೆಗೆ ಹೋಗಿದ್ದ. ಒಂದು ವಾರ ಒಣದನ್ನೇ ಹಾಕಿದೆ, ಕುಡಿಯಲು ನೀರು ಬೇರೆ ಇಟ್ಟೆ. ಯಾವುದರ ಹೊಟ್ಟೆಯೂ ಉಬ್ಬಲಿಲ್ಲ. ಮೈ ತುಂಬಲು ಇನ್ನೂ ದಿನ ಬೇಕು, ಆದರೆ ನಾತ ಇಳಿಯಿತು.

ಸಭೆಗೆ ಗಂಗಾ ಅಗಡಿಯಿಂದ ನೇರ ಬಂದಳು. ನಾನು ಕರೆದಿರಲಿಲ್ಲ. ಹೆಂಗಸರ ಕಡೆ ನನ್ನಿಂದ ದೂರ ಕುಳಿತಳು. ಡಾಕ್ಟರ ಕಾಗದ ಓದಿದರು. ಜ್ವರವಿಲ್ಲ ಎಂದಾಯಿತು. ಆಗ ಕೊಟ್ರೇಶ ಎದ್ದ. ಜ್ವರ ಇಲ್ಲ ಸರಿ, ಸೊರಗಿದ್ದು ಖರೇ ತಾನೇ, ಕಲಿತವರ ಕೈಯಲ್ಲೇ ಹೀಗಾದರೆ ನಾಳೆ ಮತ್ತೆ ಆಗುವುದಿಲ್ಲ ಎನ್ನಲು ಏನು ಖಾತ್ರಿ ಎಂದ. ಗಂಗಾ ಎದ್ದು ನಿಂತು ಪುಡಿಯ ವಿಷಯ ಹೇಳಿದಳು, ಹಾಕುವ ರೀತಿಯಲ್ಲಿ ಮನೆಯಲ್ಲೊಂದು ತಪ್ಪಾಗಿತ್ತು, ಈಗ ಸರಿಯಾಗಿದೆ ಎಂದಳು. "ಯಾರ ತಪ್ಪು?" ಎಂದ ಕೊಟ್ರೇಶ. ಅವಳು ಹೆಸರು ಹೇಳದೆ ಕುಳಿತುಕೊಂಡಳು. ಗಂಡಸರ ಕಡೆ ಯಾರೋ ನಕ್ಕರು. ಮೈಲೇಶ ತಲೆ ತಗ್ಗಿಸಿಕೊಂಡ, ಹೆಂಡತಿಯದೇ ಎಂದುಕೊಂಡು.

ನಾನು ಎದ್ದೆ. ಎದ್ದದ್ದು ನೆನಪಿಲ್ಲ, ನಿಂತದ್ದು ನೆನಪಿದೆ. "ನಂದು," ಅಂದೆ. "ಆಕಿ ಕಲಸಿದ್ದನ್ನ ನಾ ಕುದಿಸಿ ಬಸದು ಕರಿಬೇವಿಗೆ ಹಾಕೇನಿ. ಹಂದಿಗೆ ಬರೇ ಚರಟ ತಿನಿಸೇನಿ."

ಮೈಲೇಶ ತಲೆ ಎತ್ತಿದ. ನಾನು ಅವನ ಕಡೆ ನೋಡಲಿಲ್ಲ. ಫಕ್ಕೀರವ್ವನೇ ಮೊದಲು ಮಾತಾಡಿದಳು, ಮಗನಿಗೆ: "ಈಗ ನಾತ ಇಲ್ಲಲೇ ತಮ್ಮಾ. ಮೂಗ ನಿನಗ ಒಬ್ಬಗಽ ಐತೇನ?"

ಕೊನೆಗೆ ಮಳೆಗಾಲ ಒಂದು ನೋಡೋಣ ಎಂದು ನಿರ್ಣಯವಾಯಿತು. ಮಳೆಯಲ್ಲಿ ನಾತ ಎದ್ದರೆ ಯಾರ ಮಾತೂ ನಡೆಯುವುದಿಲ್ಲ, ಶೆಡ್ಡು ಎತ್ತಲೇಬೇಕು. ಗೆದ್ದೆವೆಂದು ಹೇಳಲಾರೆ.

ಗಂಗಾ ಮನೆಗೆ ಬಂದಳು, ಆದರೆ ಹೊಸ್ತಿಲು ತುಳಿಯಲಿಲ್ಲ. ಚಪ್ಪಲಿ ಬಿಡದೆ ನೇರ ಶೆಡ್ಡಿಗೆ ಹೋದಳು. ಮೈಲೇಶ ಬೇಲಿಯ ಹತ್ತಿರ ನಿಂತುಕೊಂಡ. ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಗಂಗಾ ನನ್ನನ್ನು ಕರೆದು, ತೂಕದ ತಕ್ಕಡಿ ಮುಂದಿಟ್ಟು, ಕಲಸುವುದನ್ನು ಕಲಿಸಿಕೊಡುತ್ತೇನೆ ಎಂದಳು. ಮೊದಲು ಮೂರು ಪುಡಿಯನ್ನೂ ಒಂದು ಸೇರು ನುಚ್ಚಿನಲ್ಲಿ ಕಲಸಬೇಕು, ಅದನ್ನು ಒಂದು ಬುಟ್ಟಿಯಲ್ಲಿ, ಆಮೇಲೆ ಪೂರ್ತಿ ಚೀಲದಲ್ಲಿ.

ನಾನ್ಯಾಕೆ ಕಲಿಯಬೇಕು, ನೀನಿದ್ದೀಯಲ್ಲ ಅಂದೆ.

"ನಾ ಇರತೇನೋ ಇಲ್ಲೋ. ಹಂದಿ ಇರತಾವಲ್ಲರಿ," ಎಂದಳು.

ಒಂದು ಸಲ ತೋರಿಸಿದಳು. ಒಂದೇ ಸಲಕ್ಕೆ ನನಗೆ ತಿಳಿಯಿತು. ಮಾಡಿ ತೋರಿಸಿ ಎಂದಾಗ ಲೈಸಿನ್ನಿನ ಬಟ್ಟಲಿನ ಬದಲು ಇನ್ನೊಂದು ಬಟ್ಟಲು ಎತ್ತಿದೆ. ಅದಲ್ಲರಿ ಎಂದಳು. ಎರಡನೆಯ ಸಲ ಪುಡಿಯನ್ನು ನೇರ ಚೀಲಕ್ಕೇ ಸುರಿಯಲು ಹೋದೆ. ಕೈ ಹಿಡಿದಳು. ಹೊರಗೆ ಅವಳು ಹತ್ತಬೇಕಿದ್ದ ರಾಣೇಬೆನ್ನೂರಿನ ಕೊನೆಯ ಬಸ್ಸು ಹಾರ್ನು ಹಾಕಿತು. ನಾನು ತಲೆ ಎತ್ತಲಿಲ್ಲ, ತಕ್ಕಡಿಯಲ್ಲಿ ತಪ್ಪು ತೂಕದ ಬಟ್ಟು ಇಟ್ಟೆ.

ಗಂಗಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬಸ್ಸಿನ ಸಪ್ಪಳ ಹೊಳೆಯ ಕಡೆಯ ತಿರುವಿನಲ್ಲಿ ಕಡಿಮೆಯಾಯಿತು. ಅವಳು ನುಚ್ಚನ್ನು ಬುಟ್ಟಿಗೆ ಸುರಿದು, ಚಪ್ಪಲಿ ಬಿಟ್ಟು, ನನ್ನೆದುರು ನೆಲದ ಮೇಲೆ ಕುಳಿತಳು.

"ಮತ್ತ ಮೊದಲಿಂದ ಮಾಡ್ರಿ," ಎಂದಳು.